ಪ್ಯಾಸೇಜಿನ ಗೋಡೆಗೆ ಅಮ್ಮನ ಚಳಿ ಗೊತ್ತಾಗುವುದು ಹೇಗೆ?

ನಮ್ಮ ಮನೆಯ ಥರ್ಮೋಸ್ಟಾಟ್ ಇರುವುದು ಕೆಳಗಿನ ಪ್ಯಾಸೇಜಿನಲ್ಲಿ. ಅಲ್ಲಿ ಯಾರೂ ಕೂರುವುದಿಲ್ಲ, ಯಾರೂ ಮಲಗುವುದಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ದಾಟುವ ಜಾಗ ಅಷ್ಟೇ. ಆದರೆ ಇಡೀ ಮನೆಗೆ ಬಿಸಿಗಾಳಿ ಯಾವಾಗ ಬೇಕು, ಯಾವಾಗ ಸಾಕು ಅನ್ನುವ ತೀರ್ಮಾನ ಆಗುತ್ತಿದ್ದದ್ದು ಆ ಜಾಗದ ಬಿಸಿ ನೋಡಿಕೊಂಡು. ಚಳಿಗಾಲದಲ್ಲಿ ಅದರ ಪರದೆ 21 ಡಿಗ್ರಿ ತೋರಿಸುತ್ತಿತ್ತು. ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು ಕೂತಿರುತ್ತಿದ್ದರು. ಮಹಡಿಯಲ್ಲಿ ಮಗಳು ಕಿಟಕಿ ತೆಗೆದಿಟ್ಟು ಓದುತ್ತಿದ್ದಳು.

ಅಮ್ಮನಿಗೆ ಚಳಿ ಅಂತ ಎರಡು ಡಿಗ್ರಿ ಏರಿಸಿದರೆ ಮೇಲಿನಿಂದ ಮಗಳ ಕೂಗು: "ಅಮ್ಮಾ, ಇಲ್ಲಿ ಸೆಕೆ ತಡೆಯೋಕಾಗ್ತಿಲ್ಲ!" ಇಳಿಸಿದರೆ ಅಮ್ಮ ಏನೂ ಹೇಳುತ್ತಿರಲಿಲ್ಲ. ಸುಮ್ನೆ ಇನ್ನೊಂದು ಹೊದಿಕೆ ಎಳೆದುಕೊಳ್ಳುತ್ತಿದ್ದರು. ನನಗೆ ಜಾಸ್ತಿ ಚುಚ್ಚಿದ್ದು ಅದು. ಕೋಣೆ ಕೋಣೆಯ ಬಿಸಿ ಅಳೆಯುವ ವೈರ್‌ಲೆಸ್ ಸೆನ್ಸರ್ ಇರುವ ಥರ್ಮೋಸ್ಟಾಟ್ ಹಾಕಿಸೋಣ ಅಂತ ತೀರ್ಮಾನ ಮಾಡಿದ್ದು ಹಾಗೆ.

ಥರ್ಮೋಸ್ಟಾಟ್ ಅಂದರೆ ಬಹಳ ಬುದ್ಧಿ ಇರುವ ಯಂತ್ರ ಅಂತ ಅನ್ನಿಸುತ್ತದೆ. ಮೂಲದಲ್ಲಿ ಅದೊಂದು ಸ್ವಿಚ್. ತಾನಿರುವ ಜಾಗದ ಬಿಸಿ ಅಳೆಯುತ್ತದೆ. ನಾವು ಇಟ್ಟ ಅಂಕಿಗಿಂತ ಸ್ವಲ್ಪ ಕೆಳಗಿಳಿದರೆ ಹೀಟರ್ ಆನ್ ಮಾಡುತ್ತದೆ, ಅಂಕಿ ಮುಟ್ಟಿದ ಮೇಲೆ ಆಫ್ ಮಾಡುತ್ತದೆ. ನಮ್ಮದು ಒಂದೇ ಹಂತದ ಹೀಟರ್. ಉರಿದರೆ ಪೂರ್ತಿ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ 21 ಬೇಕಿದ್ದಾಗ 26ಕ್ಕೆ ತಿರುಗಿಸಿದರೆ ಮನೆ ಬೇಗ ಬೆಚ್ಚಗಾಗುವುದಿಲ್ಲ. ಅದೇ ವೇಗದಲ್ಲಿ ಬೆಚ್ಚಗಾಗಿ 21 ದಾಟಿ ಮುಂದೆ ಹೋಗುತ್ತದೆ.

ಓದುತ್ತಾ ಹೋದಾಗ ಹಳೆಯ ವಿಷಯವೊಂದು ಸಿಕ್ಕಿ ಖುಷಿಯಾಯಿತು. ವಾರೆನ್ ಜಾನ್ಸನ್ ಅನ್ನುವವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿನ ನೌಕರ ಪ್ರತಿ ತರಗತಿಗೂ ಹೋಗಿ ಬಿಸಿ ನೋಡಿಕೊಂಡು, ಆಮೇಲೆ ಒಲೆಯ ಹತ್ತಿರ ಹೋಗಿ ಡ್ಯಾಂಪರ್, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಗಡು, ಸರಿ ಮಾಡಬೇಕಿತ್ತು. ಪಾಠಕ್ಕೆ ತೊಂದರೆ, ಆ ನೌಕರನಿಗೂ ಅಲೆದಾಟ. ಜಾನ್ಸನ್ ಕೋಣೆಯ ಬಿಸಿ ಅಳೆದು ಒಲೆ ಇರುವ ಕಡೆ ಗಂಟೆ ಬಾರಿಸುವ ವಿದ್ಯುತ್ ಉಪಕರಣ ಮಾಡಿ 1883ರಲ್ಲಿ ಪೇಟೆಂಟ್ ಪಡೆದರು. ಅಂದರೆ ಆಗ ಮಾತಾಡುತ್ತಿದ್ದದ್ದು ಜನ ಕೂತಿರುವ ಕೋಣೆ. ನಮ್ಮ ಮನೆಯಲ್ಲಿ ಮಾತಾಡುತ್ತಿದ್ದದ್ದು ಯಾರೂ ಇಲ್ಲದ ಪ್ಯಾಸೇಜು. ನನಗೆ ಬೇಕಿದ್ದದ್ದು ಅಮ್ಮನ ಕೋಣೆಗೂ ಒಂದು ಗಂಟೆ.

ಕೊಳ್ಳುವ ಮೊದಲು ಹಳೆಯದರ ಮುಚ್ಚಳ ತೆಗೆದು ಒಳಗೆ ನೋಡಬೇಕು. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಬ್ರೇಕರ್ ಆಫ್ ಮಾಡಿ ಮುಚ್ಚಳ ಎಳೆದರೆ ಎರಡು ಬಗೆಯ ದೃಶ್ಯ ಕಾಣಬಹುದು. ಬಣ್ಣ ಬಣ್ಣದ ಸಣ್ಣ ವೈರ್‌ಗಳು ಸಾಲಾಗಿ ಸ್ಕ್ರೂಗಳಿಗೆ ಹೋಗಿದ್ದರೆ ಅದು 24 ವೋಲ್ಟಿನ ವ್ಯವಸ್ಥೆ. ಹೀಟರ್ ಪಕ್ಕದ ಟ್ರಾನ್ಸ್‌ಫಾರ್ಮರ್ ಮೇನ್ ಕರೆಂಟನ್ನು ಅಷ್ಟಕ್ಕೆ ಇಳಿಸಿ ಕಳಿಸುತ್ತದೆ. ಹಾಗಲ್ಲದೆ ಎರಡೋ ನಾಲ್ಕೋ ದಪ್ಪ ವೈರ್ ಇದ್ದು, ತುದಿಗೆ ಕ್ಯಾಪ್ ತಿರುಗಿಸಿ ಕೂರಿಸಿದ್ದರೆ ಅದು ನೇರ ಮೇನ್ ಕರೆಂಟು. ಗೋಡೆಗೆ ಹಾಕುವ ವಿದ್ಯುತ್ ಹೀಟರ್‌ಗಳಿಗೆ ಹಾಗಿರುತ್ತದೆ. ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್ ಬೇಕು. 24 ವೋಲ್ಟಿನದನ್ನು ಅಲ್ಲಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ, ಜೀವಕ್ಕೂ ಅಪಾಯ.

ನಮ್ಮದು ಸಣ್ಣ ವೈರ್‌ಗಳದ್ದು. ಆರ್, ಡಬ್ಲ್ಯೂ, ವೈ, ಜಿ ಅಂತ ನಾಲ್ಕು ಸ್ಕ್ರೂಗಳಿಗೆ ನಾಲ್ಕು ವೈರ್. ಆರ್ ಅಂದರೆ ಕರೆಂಟ್ ಬರುವ ದಾರಿ. ಡಬ್ಲ್ಯೂ ಬಿಸಿಗೆ, ವೈ ಏಸಿಯ ಕಂಪ್ರೆಸರ್‌ಗೆ, ಜಿ ಫ್ಯಾನ್‌ಗೆ. ಐದನೆಯದು ಸಿ. ಅದು ಕರೆಂಟ್ ವಾಪಸ್ ಹೋಗುವ ದಾರಿ. ಹಳೆಯ ಥರ್ಮೋಸ್ಟಾಟ್ ಎರಡು ಸೆಲ್ ಮೇಲೆ ನಡೆಯುತ್ತಿತ್ತು, ಅದಕ್ಕೆ ಸಿ ಬೇಡ. ವೈಫೈ, ದೊಡ್ಡ ಪರದೆ, ಸೆನ್ಸರ್‌ಗಳ ಜೊತೆ ಮಾತುಕತೆ ಇರುವ ಹೊಸದಕ್ಕೆ ದಿನವಿಡೀ ಕರೆಂಟ್ ಬೇಕು, ಅಂದರೆ ಸಿ ಬೇಕು. ಕೆಲವು ಮಾಡೆಲ್‌ಗಳು ಸಿ ಇಲ್ಲದೆಯೂ ಬೇರೆ ವೈರ್‌ಗಳಿಂದ ಚೂರುಪಾರು ಕರೆಂಟ್ ಎಳೆದುಕೊಂಡು ನಡೆಯುತ್ತವೆ. ಅಂಥದ್ದನ್ನು ಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ. ಕೆಲವು ಮನೆಗಳಲ್ಲಿ ಅದರಿಂದಲೇ ರಿಲೇ (ಕರೆಂಟಿನಿಂದ ನಡೆಯುವ ಪುಟ್ಟ ಸ್ವಿಚ್) ಟಕಟಕ ಅನ್ನುತ್ತದೆ, ಬ್ಯಾಟರಿ ಇಳಿದು ವೈಫೈ ಬಿಟ್ಟುಹೋಗುತ್ತದೆ.

ಗೋಡೆಯ ತೂತಿನೊಳಗೆ ಟಾರ್ಚ್ ಹಾಕಿ ನೋಡಿದೆ. ಅದೇ ಕೇಬಲ್‌ನಲ್ಲಿ ಒಂದು ನೀಲಿ ವೈರ್ ಉಪಯೋಗಿಸದೆ ಸುತ್ತಿ ಹಿಂದಕ್ಕೆ ತುರುಕಿದ್ದರು. ಎಷ್ಟೋ ಮನೆಗಳಲ್ಲಿ ಹೀಗೇ ಇರುತ್ತದಂತೆ. ಹಾಕುವಾಗ ಐದು ವೈರ್‌ನ ಕೇಬಲ್ ಎಳೆದು ನಾಲ್ಕನ್ನೇ ಜೋಡಿಸಿರುತ್ತಾರೆ. ಹೀಟರ್ ಕಡೆಯ ತುದಿಯಲ್ಲಿ ಅದನ್ನು ಬೋರ್ಡಿನ ಸಿ ಸ್ಕ್ರೂಗೆ ಹಾಕಬೇಕು. ಗ್ಯಾಸ್ ಹೀಟರ್‌ನ ಮುಚ್ಚಳ ತೆಗೆಯುವ ಕೆಲಸ ನಮಗೆ ಬೇಡ ಅಂತ ಅದಕ್ಕೆ ಮೆಕ್ಯಾನಿಕ್ ಕರೆಸಿದೆವು. ಅವರೊಂದು ಮಾತು ಹೇಳಿದರು: ಬಣ್ಣ ನಂಬಬೇಡಿ, ವೈರ್ ಯಾವ ಸ್ಕ್ರೂಗೆ ಹೋಗಿದೆ ಅನ್ನುವುದನ್ನು ಮಾತ್ರ ನಂಬಿ. ನಮ್ಮ ಮನೆಯಲ್ಲೇ ಹಳದಿ ವೈರ್ ಜಿಗೆ ಹೋಗಿತ್ತು. ಹಳದಿ ಅಂದರೆ ವೈ ಅಂತ ತಿಳಿದು ಜೋಡಿಸಿದ್ದರೆ ಫ್ಯಾನ್ ಬೇಕಾದಾಗ ಕಂಪ್ರೆಸರ್ ಶುರುವಾಗುತ್ತಿತ್ತು.

ಜೋಡಿಸುವ ಕೆಲಸ ನಾನು ಮತ್ತು ನಮ್ಮವರು ಸೇರಿ ಮಾಡಿದೆವು.

"ರೀ, ಬ್ರೇಕರ್ ಆಫ್ ಆಯ್ತಾ?"

"ಆಗಿದೆ. ಆದ್ರೂ ಮೀಟರ್ ಇಟ್ಟು ನೋಡು, ಆಮೇಲೆ ಮುಟ್ಟು."

ಮಲ್ಟಿಮೀಟರ್‌ನ ಒಂದು ಕಡ್ಡಿ ಆರ್ ಮೇಲೆ, ಇನ್ನೊಂದು ನೀಲಿ ವೈರ್ ಮೇಲೆ. ಸೊನ್ನೆ. ಎಲ್ಲ ವೈರ್‌ಗಳ ಫೋಟೋ ತೆಗೆದೆ. ಒಂದೊಂದಕ್ಕೂ ಮಾಸ್ಕಿಂಗ್ ಟೇಪಿನ ತುಂಡು ಸುತ್ತಿ ಸ್ಕ್ರೂನ ಅಕ್ಷರ ಬರೆದೆ. ಹಳೆಯ ಥರ್ಮೋಸ್ಟಾಟನ್ನು ಗೋಡೆಗೆ ಹಿಡಿದಿದ್ದ ತಟ್ಟೆ ಬಿಚ್ಚುವ ಮೊದಲು ವೈರ್‌ಗಳನ್ನು ಒಂದು ಪೆನ್ಸಿಲ್‌ಗೆ ಸುತ್ತಿಕೊಂಡೆವು, ಗೋಡೆಯೊಳಗೆ ಜಾರಿ ಬಿದ್ದರೆ ಮತ್ತೆ ಎಳೆಯುವುದು ಕಷ್ಟ. ಆರ್ ವೈರ್ ಕರೆಂಟ್ ಇರುವಾಗ ಸಿಗೆ ತಾಗಿದರೆ ಹೀಟರ್ ಬೋರ್ಡಿನ ಪುಟ್ಟ ಫ್ಯೂಸ್ ಹೋಗುತ್ತದೆ. ಸಾಮಾನ್ಯವಾಗಿ 3 ಅಥವಾ 5 ಆಂಪಿಯರ್‌ನದು. ಹೊಸ ಥರ್ಮೋಸ್ಟಾಟ್ ಹಾಕಿದ ಮೇಲೆ ಪರದೆ ಕಪ್ಪಗೇ ಇದ್ದರೆ ಮೊದಲು ನೋಡಬೇಕಾದ್ದು ಆ ಫ್ಯೂಸು. ಆಮೇಲೆ ಹೀಟರ್‌ನ ಬಾಗಿಲು. ಆ ಬಾಗಿಲ ಹಿಂದೆ ಒಂದು ಸೇಫ್ಟಿ ಸ್ವಿಚ್ ಇರುತ್ತದೆ, ಬಾಗಿಲು ಸರಿಯಾಗಿ ಕೂತರೆ ಮಾತ್ರ ಕರೆಂಟು.

ಗೋಡೆಯ ತೂತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವೈರ್ ಬರುವ ಆ ತೂತಿನ ಹತ್ತಿರ ಬೆರಳಿಟ್ಟರೆ ತಣ್ಣನೆಯ ಗಾಳಿ ತಾಕುತ್ತಿತ್ತು. ಗೋಡೆಯ ಒಳಗಿನ ಪೊಳ್ಳಿನಿಂದ ಬರುವ ಗಾಳಿ ಅದು. ಥರ್ಮೋಸ್ಟಾಟಿನ ಬೆನ್ನಿಗೇ ಬಡಿಯುತ್ತದೆ. ಅಷ್ಟು ದಿನ ಅದು ಅಳೆಯುತ್ತಿದ್ದದ್ದು ಪ್ಯಾಸೇಜಿನ ಬಿಸಿಯನ್ನೂ ಪೂರ್ತಿ ಅಲ್ಲ, ಗೋಡೆಯ ಒಳಗಿನದನ್ನೂ ಸೇರಿಸಿ! ಸ್ವಲ್ಪ ಪುಟ್ಟಿ ತುಂಬಿ ತೂತು ಮುಚ್ಚಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ಹೊತ್ತು ತೆಗೆದುಕೊಂಡದ್ದು ಇದು, ಆದರೆ ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಕರೆಂಟ್ ಕೊಟ್ಟಾಗ ಪರದೆ ಬೆಳಗಿತು. ಯಾವ ಯಾವ ವೈರ್ ಬಂದಿದೆ ಅಂತ ಅದೇ ಹೇಳಿತು, ನಾವು ಟೇಪಿನ ಮೇಲೆ ಬರೆದದ್ದರ ಜೊತೆ ತಾಳೆ ನೋಡಿದೆವು. ಹೀಟರ್ ಆನ್ ಮಾಡಿ ನೋಡಿದೆವು, ಬಿಸಿಗಾಳಿ ಬಂತು. ಏಸಿ ಆನ್ ಮಾಡಿದಾಗ ಮಾತ್ರ ಏನೂ ಆಗಲಿಲ್ಲ, "ಕಾಯುತ್ತಿದೆ" ಅನ್ನುವ ಸೂಚನೆ ಬಂತು. ಹೆದರಬೇಕಿಲ್ಲ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರು ಮಾಡಿದರೆ ಅದಕ್ಕೆ ಪೆಟ್ಟು, ಹಾಗಾಗಿ ಸಾಮಾನ್ಯವಾಗಿ 5 ನಿಮಿಷ ಬಿಟ್ಟೇ ಶುರು ಮಾಡುತ್ತದೆ. ಹೊರಗೆ ತೀರಾ ಚಳಿ ಇದ್ದಾಗ ಏಸಿ ಪರೀಕ್ಷೆ ಮಾಡಬಾರದು. ನಾವು ಮಾಡಿದ್ದು ಹೊರಗೆ ಬೆಚ್ಚಗಿದ್ದ ಮಧ್ಯಾಹ್ನ.

ವೈಫೈಗೆ ಸೇರಿಸುವುದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಇಂಥ ಕೆಲವು ಉಪಕರಣಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ನಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಕೊಟ್ಟಿತ್ತು. ಸೇರಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಆಫ್ ಮಾಡಿದೆವು, ಆಯಿತು.

ಇನ್ನು ಸೆನ್ಸರ್‌ಗಳು. ನಮ್ಮ ಮನೆಯ ಕಥೆ ನಿಜವಾಗಿ ಬದಲಾದದ್ದು ಇವುಗಳಿಂದ.

ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಗಳು. ಒಳಗೆ ಒಂದು ನಾಣ್ಯದ ಆಕಾರದ ಸೆಲ್, ಬಿಸಿ ಅಳೆಯುವ ಪುಟ್ಟ ಭಾಗ, ಜನ ಓಡಾಡುವುದನ್ನು ಗುರುತಿಸುವ ಒಂದು ಕಣ್ಣು. ಸೆಲ್‌ನ ಪ್ಲಾಸ್ಟಿಕ್ ಪಟ್ಟಿ ಎಳೆದ ಕೂಡಲೇ ಎಚ್ಚರವಾಗುತ್ತದೆ. ಥರ್ಮೋಸ್ಟಾಟಿನ ಹತ್ತಿರ ಹಿಡಿದರೆ "ಹೊಸ ಸೆನ್ಸರ್ ಸಿಕ್ಕಿದೆ, ಹೆಸರಿಡಿ" ಅನ್ನುತ್ತದೆ. ಅಮ್ಮ, ಮಗಳು, ಹಾಲ್ ಅಂತ ಹೆಸರಿಟ್ಟೆವು. ಅಲ್ಲಿಗೆ ಜೋಡಣೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಇನ್ನೂ ಶುರುವಾಗಿರುವುದಿಲ್ಲ.

ಕೋಣೆಗಳಿಗೆ ಹಂಚುವ ಮೊದಲು ಮೂರನ್ನೂ ಪ್ಯಾಸೇಜಿನ ಕಪಾಟಿನ ಮೇಲೆ, ಥರ್ಮೋಸ್ಟಾಟಿನ ಪಕ್ಕದಲ್ಲೇ, ಒಂದರ ಪಕ್ಕ ಒಂದಿಟ್ಟು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಒಂದು 20.6 ತೋರಿಸುತ್ತಿತ್ತು, ಒಂದು 20.9, ಒಂದು 21.1. ಥರ್ಮೋಸ್ಟಾಟ್ ತಾನೇ 21.5. ಇರುವುದು ಒಂದೇ ಗಾಳಿ. ಇಂಥ ಸೆನ್ಸರ್‌ಗಳಲ್ಲಿ ಅರ್ಧ ಡಿಗ್ರಿ ಹಿಂದೆ ಮುಂದೆ ಆಗುವುದು ಸಹಜ. ಥರ್ಮೋಸ್ಟಾಟಿನೊಳಗೆ ಪರದೆ, ವೈಫೈ ಎಲ್ಲ ಇರುವುದರಿಂದ ಅದು ತನ್ನ ಬಿಸಿಯಿಂದಲೇ ಸ್ವಲ್ಪ ಜಾಸ್ತಿ ತೋರಿಸಬಹುದು. ಅದನ್ನು ಕಳೆಯುವ ಲೆಕ್ಕ ಅದರಲ್ಲೇ ಇರುತ್ತದೆ, ಆದರೂ ಉಳಿದದ್ದನ್ನು ನಾವು ಸರಿ ಮಾಡಬಹುದು. ಸೆಟ್ಟಿಂಗ್‌ನಲ್ಲಿ ಅರ್ಧ ಡಿಗ್ರಿ ಕಳೆದೆ. ಈ ಪರೀಕ್ಷೆ ಮಾಡದೆ ನೇರ ಕೋಣೆಗಳಿಗೆ ಹಂಚಿಬಿಟ್ಟರೆ, ಕಾಣುವ ವ್ಯತ್ಯಾಸ ಕೋಣೆಯದೋ ಡಬ್ಬಿಯದೋ ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಒಂದು ರಾತ್ರಿ ಕಾಯುವುದರಲ್ಲಿ ಏನು ನಷ್ಟ, ಅಲ್ವಾ?

ಇಡುವ ಜಾಗದ ಬಗ್ಗೆ ಎಲ್ಲರೂ ಹೇಳುವ ನಿಯಮಗಳು ಸರಿಯಾಗಿಯೇ ಇವೆ. ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ. ಹೊರಗೋಡೆ ಬೇಡ, ಒಳಗಿನ ಗೋಡೆ ಆಗಬೇಕು. ಬಿಸಿಲು ಬೀಳಬಾರದು. ಬಿಸಿಗಾಳಿ ಬರುವ ಜಾಲರಿಯ ಎದುರು ಬೇಡ, ದೀಪದ ಮೇಲೆ ಬೇಡ, ಕಿಟಕಿಯ ಪರದೆಯ ಹಿಂದೆ ಬೇಡ. ಇವೆಲ್ಲ ಸರಿ, ಆದರೆ ಮನುಷ್ಯರು ಕೋಣೆಯ ಮಧ್ಯದ ಗಾಳಿಯಲ್ಲಿ ನಿಂತಿರುವುದಿಲ್ಲವಲ್ಲ. ಅಮ್ಮ ಕೂರುವುದು ಕಿಟಕಿ ಪಕ್ಕದ ಕುರ್ಚಿಯಲ್ಲಿ. ತಣ್ಣಗಿನ ಗಾಜಿನ ಪಕ್ಕ ಕೂತರೆ ಮೈಯ ಬಿಸಿ ಆ ಕಡೆ ಹೋಗುತ್ತದೆ. ಗಾಳಿ 21 ಡಿಗ್ರಿ ಇದ್ದರೂ ಚಳಿ ಅನ್ನಿಸುತ್ತದೆ. ಸೆನ್ಸರ್ ಅಳೆಯುವುದು ಗಾಳಿಯನ್ನು ಮಾತ್ರ, ಇದನ್ನಲ್ಲ. ಅದಕ್ಕೇ ಡಬ್ಬಿಯನ್ನು ಹಾಸಿಗೆಯ ತಲೆಯ ಕಡೆಯ ಒಳಗೋಡೆಯ ಕಪಾಟಿನಲ್ಲಿ ಇಟ್ಟು, ಕುರ್ಚಿಯನ್ನು ಕಿಟಕಿಯಿಂದ ಎರಡು ಮಾರು ಈಚೆಗೆ ತಂದೆವು. ಕುರ್ಚಿ ಸರಿಸಿದ್ದರಿಂದಲೇ ಅರ್ಧ ಸಮಾಧಾನ ಸಿಕ್ಕಿತು ಅಂತ ಅಮ್ಮ ಆಮೇಲೆ ಹೇಳಿದರು.

ಮಗಳ ಮೇಜಿನ ಮೇಲೆ ಕಂಪ್ಯೂಟರ್ ಬಿಸಿಗಾಳಿ ಬಿಡುತ್ತಿರುತ್ತದೆ. ಅವಳ ಡಬ್ಬಿ ಎದುರಿನ ಪುಸ್ತಕದ ಕಪಾಟಿಗೆ ಹೋಯಿತು. ಎಲ್ಲಿಯೂ ತಕ್ಷಣ ಅಂಟಿಸಲಿಲ್ಲ. ಸ್ಟ್ಯಾಂಡಿನ ಮೇಲೆ ಇಟ್ಟು, ಕೆಲವು ದಿನ ಅಂಕಿ ನೋಡಿ, ಆಮೇಲೆ ಗೋಡೆಗೆ ಅಂಟಿಸಿದೆವು.

ಈಗ ಲೆಕ್ಕದ ವಿಷಯ. ಇಂಥ ಥರ್ಮೋಸ್ಟಾಟ್ ಹೆಚ್ಚಾಗಿ ಮಾಡುವುದು ಒಂದೇ ಕೆಲಸ: ನಾವು ಆರಿಸಿದ ಸೆನ್ಸರ್‌ಗಳ ಸರಾಸರಿ ತೆಗೆದು, ಆ ಸರಾಸರಿಯನ್ನು ನಾವಿಟ್ಟ ಅಂಕಿಗೆ ತರುವುದು. ಕೇಳಲು ಚೆನ್ನಾಗಿದೆ. ಮೊದಲ ಸಂಜೆ ನಮ್ಮ ಪರದೆಯ ಮೇಲೆ ಇದ್ದದ್ದು ಹೀಗೆ: ಅಮ್ಮನ ಕೋಣೆ 18, ಹಾಲ್ 21, ಮಗಳ ಕೋಣೆ 24. ಸರಾಸರಿ 21. ನಾವಿಟ್ಟದ್ದೂ 21. ಯಂತ್ರದ ಪ್ರಕಾರ ಎಲ್ಲ ಸರಿಯಾಗಿದೆ, ಹೀಟರ್ ಆಫ್. ಅಮ್ಮ ಮಾತ್ರ ಶಾಲಿನಲ್ಲೇ ಇದ್ದಾರೆ.

ಆ ಅಂಕಿಗಳನ್ನು ನೋಡುತ್ತಾ ಕೂತಾಗ ನನಗೆ ಸೆನ್ಸರ್ ಅಂದರೆ ಏನು ಅಂತ ಸ್ಪಷ್ಟವಾಯಿತು. ಸೆನ್ಸರ್ ಯಾವ ಕೋಣೆಗೂ ಗಾಳಿ ಕಳಿಸುವುದಿಲ್ಲ. ನಮ್ಮ ಮನೆಯಲ್ಲಿ ಇರುವುದು ಒಂದು ಹೀಟರ್, ಒಂದು ಫ್ಯಾನ್, ಕವಲೊಡೆದು ಎಲ್ಲ ಕೋಣೆಗೂ ಗಾಳಿ ಒಯ್ಯುವ ಕೊಳವೆ, ಅಂದರೆ ಡಕ್ಟ್. ಅಮ್ಮನ ಕೋಣೆಗೆ ಮಾತ್ರ ಜಾಸ್ತಿ ಬಿಸಿ ಕೊಡು ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಹೇಳಬಹುದಾದದ್ದು ಇಷ್ಟೇ: ಈ ಹೊತ್ತಿನಲ್ಲಿ ಈ ಕೋಣೆಯ ಮಾತು ಕೇಳು. ಹಾಗಾದರೆ ಯಾವ ಹೊತ್ತಿನಲ್ಲಿ ಯಾರ ಮಾತು ಅನ್ನುವುದನ್ನು ಮನೆಯವರೇ ಕೂತು ತೀರ್ಮಾನ ಮಾಡಬೇಕು. ಆಪ್‌ನಲ್ಲಿ ಹತ್ತು ಸೌಲಭ್ಯ ಇರಬಹುದು, ಇದೊಂದು ತೀರ್ಮಾನದ ಮುಂದೆ ಉಳಿದದ್ದೆಲ್ಲ ಚಿಕ್ಕದು.

ನಾವು ಮಾಡಿಕೊಂಡದ್ದು ಹೀಗೆ. ಹಗಲು ಹೊತ್ತು ಹಾಲ್ ಮತ್ತು ಅಮ್ಮನ ಕೋಣೆ ಎರಡೂ ಲೆಕ್ಕಕ್ಕೆ. ರಾತ್ರಿ ಅಮ್ಮನ ಕೋಣೆ ಮಾತ್ರ. ಪ್ಯಾಸೇಜಿನ ಥರ್ಮೋಸ್ಟಾಟನ್ನು ಎಲ್ಲ ಹೊತ್ತಿನ ಲೆಕ್ಕದಿಂದಲೂ ತೆಗೆದೆವು. ಅದು ಈಗ ಎಲ್ಲರ ಮಾತು ಕೇಳಿಸಿಕೊಳ್ಳುತ್ತದೆ, ತನ್ನ ಅಂಕಿ ಸೇರಿಸುವುದಿಲ್ಲ.

ರಾತ್ರಿ ಅಮ್ಮನ ಕೋಣೆಗೆ 20 ಇಟ್ಟೆವು. ಇದಕ್ಕೆ ಕಾರಣ ಇದೆ. ಚಳಿಗಾಲದಲ್ಲಿ ಮನೆಯ ಒಳಗೆ ಕನಿಷ್ಠ 18 ಡಿಗ್ರಿ ಇರುವುದು ಆರೋಗ್ಯಕ್ಕೆ ಸುರಕ್ಷಿತ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ವಯಸ್ಸಾದವರಿಗೆ, ಚಿಕ್ಕ ಮಕ್ಕಳಿಗೆ, ಕಾಯಿಲೆ ಇರುವವರಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು. ಪ್ಯಾಸೇಜಿನ 21 ನೋಡಿಕೊಂಡು ನಾವು ನೆಮ್ಮದಿಯಿಂದ ಮಲಗುತ್ತಿದ್ದ ರಾತ್ರಿಗಳಲ್ಲಿ ಅಮ್ಮನ ಕೋಣೆ 18ಕ್ಕಿಂತ ಕೆಳಗೆ ಹೋಗುತ್ತಿತ್ತು ಅನ್ನುವುದು ಸೆನ್ಸರ್ ಬಂದ ಮೇಲೇ ಗೊತ್ತಾದದ್ದು.

ಆದರೆ ಒಂದು ಸಮಸ್ಯೆ ಎದ್ದಿತು. ಅಮ್ಮನ ಕೋಣೆ ರಾತ್ರಿ ಬಹಳ ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಹೀಟರ್ ಉರಿಯುತ್ತಲೇ ಇರುತ್ತಿತ್ತು, ಮೇಲೆ ಮಗಳ ಕೋಣೆ 25 ದಾಟುತ್ತಿತ್ತು. ಆಪ್‌ನಲ್ಲಿ ಗ್ರಾಫ್ ತೆಗೆದು ನೋಡಿದೆ. ಹಗಲು ಅಮ್ಮನ ಕೋಣೆಯ ಗೆರೆ ಹಾಲ್‌ನ ಗೆರೆಗಿಂತ ಸ್ವಲ್ಪ ಕೆಳಗೆ, ಅದರ ಜೊತೆಗೇ ಏರಿಳಿಯುತ್ತಿತ್ತು. ರಾತ್ರಿ ಹತ್ತರ ಸುಮಾರಿಗೆ ಮಾತ್ರ ಎರಡೂ ಬೇರೆಯಾಗಿ, ಅಮ್ಮನ ಗೆರೆ ಕೆಳಗೆ ಜಾರುತ್ತಿತ್ತು. ಹೊರಗಿನ ಚಳಿ ಅಂದುಕೊಳ್ಳೋಣ ಅಂದರೆ ಹತ್ತು ಗಂಟೆಗೆ ಸರಿಯಾಗಿ ಚಳಿ ಜಾಸ್ತಿ ಆಗುವುದಿಲ್ಲವಲ್ಲ. ಹತ್ತಕ್ಕೆ ಆಗುವುದೇನು? ಅಮ್ಮ ಬಾಗಿಲು ಹಾಕಿಕೊಂಡು ಮಲಗುತ್ತಾರೆ.

"ಬಾಗಿಲು ಹಾಕ್ಕೊಂಡ್ರೆ ತಾನೇ ಕಣೇ ಬೆಚ್ಚಗಿರೋದು?" ಅಂದರು ಅಮ್ಮ.

ಎಲ್ಲರೂ ಹಾಗೇ ತಿಳಿಯುತ್ತೇವೆ. ಆದರೆ ಬಿಸಿಗಾಳಿ ಕೋಣೆಗೆ ಬರಬೇಕು ಅಂದರೆ ಅಲ್ಲಿದ್ದ ಗಾಳಿ ಎಲ್ಲಾದರೂ ಹೋಗಬೇಕು. ನಮ್ಮ ಮನೆಯಲ್ಲಿ ಗಾಳಿಯನ್ನು ಹೀಟರ್‌ಗೆ ವಾಪಸ್ ಎಳೆದುಕೊಳ್ಳುವ ದೊಡ್ಡ ಜಾಲರಿ ಇರುವುದು ಒಂದೇ, ಅದೂ ಪ್ಯಾಸೇಜಿನಲ್ಲಿ. ಅಮ್ಮನ ಕೋಣೆಗೆ ಬಿಸಿಗಾಳಿ ಬರುವ ಜಾಲರಿ ಮಾತ್ರ ಇದೆ. ಬಾಗಿಲು ಮುಚ್ಚಿದರೆ ವಾಪಸ್ ಹೋಗುವ ದಾರಿ ಬಾಗಿಲ ಕೆಳಗಿನ ಸಂದಿ ಮಾತ್ರ. ಕೋಣೆಯಲ್ಲಿ ಒತ್ತಡ ಏರುತ್ತದೆ, ಡಕ್ಟ್‌ನಿಂದ ಬರುವ ಗಾಳಿ ಕಡಿಮೆಯಾಗುತ್ತದೆ. ಬಂದ ಬೆಚ್ಚನೆ ಗಾಳಿಯಲ್ಲೂ ಸ್ವಲ್ಪ ಕಿಟಕಿಯ ಸಂದಿಗಳಿಂದ ಹೊರಗೆ ಹೋಗುತ್ತದೆ.

ಇದು ನಿಜವೇ ಅಂತ ನೋಡಲು ಸುಲಭದ ಉಪಾಯ ಇದೆ. ಟಿಶ್ಯೂ ಕಾಗದದ ಒಂದು ಸಣ್ಣ ಪಟ್ಟಿ ಹರಿದೆ. ಹೀಟರ್ ಫ್ಯಾನ್ ಓಡುವಾಗ ಬಾಗಿಲು ಮುಚ್ಚಿ, ಹೊರಗೆ ನೆಲದ ಮೇಲೆ ಕೂತು, ಸಂದಿಯ ಎದುರು ಹಿಡಿದೆ. ಕಾಗದ ನನ್ನ ಕಡೆಗೆ ಅಡ್ಡಲಾಗಿ ಎದ್ದು ಪಟಪಟ ಹೊಡೆದುಕೊಳ್ಳತೊಡಗಿತು. ಬಾಗಿಲು ನಾಲ್ಕು ಬೆರಳು ತೆಗೆದ ಕೂಡಲೇ ಇಳಿಬಿತ್ತು. ಅಮ್ಮನಿಗೂ ತೋರಿಸಿದೆ. "ಒಂದು ರಾತ್ರಿ ಸ್ವಲ್ಪ ತೆಗೆದಿಟ್ಟು ಮಲಗಿ ನೋಡಮ್ಮ" ಅಂದೆ. ಒಪ್ಪಿದರು. ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಕೆಳಗೊಂದು ಕಟ್ಟಿಗೆ ತುಂಡು ಸಿಕ್ಕಿಸಿದೆವು. ಮರುದಿನ ಗ್ರಾಫಿನಲ್ಲಿ ಹತ್ತು ಗಂಟೆಯ ಜಾರು ಇರಲಿಲ್ಲ. ಎರಡು ಗೆರೆಗಳೂ ರಾತ್ರಿಯಿಡೀ ಹತ್ತಿರವೇ ಇದ್ದವು. ಹೀಟರ್ ಉರಿದ ಹೊತ್ತೂ ಕಡಿಮೆ.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಸೆನ್ಸರ್ ಕೊಳ್ಳುವಾಗ ಎಲ್ಲರೂ ನೋಡುವುದು ಅದು ಹೀಟರನ್ನು ಹೇಗೆ ನಡೆಸುತ್ತದೆ ಅಂತ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಉಪಕಾರ ಆ ಗ್ರಾಫು. ಮನೆಯಲ್ಲಿ ಎಲ್ಲಿ, ಯಾವ ಹೊತ್ತಿಗೆ, ಯಾಕೆ ತಣ್ಣಗಾಗುತ್ತದೆ ಅನ್ನುವುದು ಅದರಿಂದ ಕಾಣುತ್ತದೆ. ತೊಂದರೆ ಇದ್ದದ್ದು ಬಾಗಿಲಲ್ಲಿ, ಥರ್ಮೋಸ್ಟಾಟಿನಲ್ಲಿ ಅಲ್ಲ.

ಮಹಡಿಯ ಸೆಕೆಗೆ ಬೇರೆ ಉಪಾಯ ಮಾಡಿದೆವು. ಮೇಲಕ್ಕೆ ಹೋಗುವ ಡಕ್ಟ್ ಕವಲಿನಲ್ಲಿ ಒಂದು ಡ್ಯಾಂಪರ್ ಇದೆ, ಹೊರಗಿನಿಂದ ತಿರುಗಿಸುವ ಪುಟ್ಟ ಹಿಡಿ. ಚಳಿಗಾಲಕ್ಕೆ ಸ್ವಲ್ಪ ಮುಚ್ಚುವುದು, ಬೇಸಿಗೆಗೆ ಪೂರ್ತಿ ತೆರೆಯುವುದು. ಬಿಸಿಗಾಳಿ ಮೇಲಕ್ಕೇರುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ, ಎರಡು ಕಾಲಕ್ಕೂ ಒಂದೇ ಅಳತೆ ಸರಿಹೋಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ಬೇಡದ ಕೋಣೆ ಅಂತ ಜಾಲರಿಗಳನ್ನು ಒಂದೊಂದಾಗಿ ಪೂರ್ತಿ ಮುಚ್ಚುತ್ತಾ ಹೋಗಬೇಡಿ. ಫ್ಯಾನ್ ಗಾಳಿ ತಳ್ಳಲು ಜಾಗ ಸಾಲದೆ ಹೀಟರ್ ಒಳಗೇ ಬಿಸಿ ಏರಿ ಅದು ತಾನಾಗಿ ನಿಲ್ಲುತ್ತದೆ. ಏಸಿಯಾದರೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಬಹುದು. ಗಂಟೆಗೆ ಹತ್ತು ಹದಿನೈದು ನಿಮಿಷ ಬರೀ ಫ್ಯಾನ್ ಓಡುವಂತೆ ಇಟ್ಟದ್ದರಿಂದಲೂ ಮೇಲಿನ ಕೆಳಗಿನ ವ್ಯತ್ಯಾಸ ಕಡಿಮೆಯಾಯಿತು.

ಜನ ಇರುವುದನ್ನು ಗುರುತಿಸುವ ಆ ಕಣ್ಣಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ. ಅದು ಮನುಷ್ಯರನ್ನು ನೋಡುವುದಿಲ್ಲ, ಬಿಸಿಯಿರುವ ವಸ್ತು ಅಲುಗಾಡಿದ್ದನ್ನು ನೋಡುತ್ತದೆ. ಓಡಾಡುವ ಮಕ್ಕಳಿರುವ ಹಾಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅಮ್ಮ ಕುರ್ಚಿಯಲ್ಲಿ ಅಲುಗಾಡದೆ ಕೂತು ಓದುತ್ತಾರೆ, ಮಧ್ಯಾಹ್ನ ನಿದ್ದೆ ಮಾಡುತ್ತಾರೆ. ಸ್ವಲ್ಪ ಹೊತ್ತು ಅಲುಗಾಟ ಕಾಣದಿದ್ದರೆ ಆ ಡಬ್ಬಿಗೆ ಕೋಣೆ ಖಾಲಿ. ಖಾಲಿ ಕೋಣೆಯನ್ನು ಲೆಕ್ಕದಿಂದ ಬಿಡುವ, ಯಾರೂ ಇಲ್ಲ ಅಂತ ತಿಳಿದು ಬಿಸಿ ಇಳಿಸುವ ಎರಡೂ ಸೌಲಭ್ಯಗಳನ್ನು ಆಫ್ ಮಾಡಿದೆ. ವಯಸ್ಸಾದವರು ಮನೆಯಲ್ಲಿದ್ದರೆ ಮೊದಲ ದಿನವೇ ಇದನ್ನು ಆಫ್ ಮಾಡಿ ಅಂತ ಹೇಳುತ್ತೇನೆ. ಗಂಟೆಯ ಲೆಕ್ಕದ ಟೈಮ್‌ಟೇಬಲ್ ಸಾಕು.

ಉಳಿತಾಯದ ಬಗ್ಗೆ ತುಂಬಾ ಜನ ಕೇಳುತ್ತಾರೆ. ದಿನಕ್ಕೆ 8 ಗಂಟೆ ಹೊತ್ತು 4ರಿಂದ 5.5 ಡಿಗ್ರಿಯಷ್ಟು ಇಳಿಸಿಟ್ಟರೆ ವರ್ಷಕ್ಕೆ ಶೇಕಡ 10ರವರೆಗೆ ಉಳಿಸಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಎಲ್ಲರೂ ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಗೆ ಅದು ಸರಿ. ನಮ್ಮಲ್ಲಿ ಅಮ್ಮ ದಿನವಿಡೀ ಮನೆಯಲ್ಲೇ ಇರುತ್ತಾರೆ. ಅಷ್ಟು ಇಳಿಸುವ ಮಾತೇ ಇಲ್ಲ. ಹೀಟ್ ಪಂಪ್ (ಹೊರಗಿನ ಬಿಸಿಯನ್ನು ಎಳೆದು ಮನೆಯೊಳಗೆ ತರುವ ಯಂತ್ರ) ಇರುವವರೂ ಜಾಸ್ತಿ ಇಳಿಸದಿರುವುದು ಒಳ್ಳೆಯದು. ಬೆಳಿಗ್ಗೆ ಒಮ್ಮೆಲೇ ಏರಿಸುವಾಗ ಅದರ ಜೊತೆಗಿರುವ, ಕರೆಂಟಿನಿಂದ ಬಿಸಿಯಾಗುವ ಕಾಯಿಲ್ ಕೂಡ ಆನ್ ಆಗಿ, ಉಳಿಸಿದ್ದೆಲ್ಲ ಅಲ್ಲೇ ಹೋಗಬಹುದು.

ಸಿಗ್ನಲ್ ವಿಷಯದಲ್ಲಿ ನಮಗೆ ಹೆಚ್ಚು ತೊಂದರೆ ಆಗಲಿಲ್ಲ. ಕಪಾಟಿನ ಕನ್ನಡಿಯ ಹಿಂದೆ ಸರಿಸಿದಾಗ ಮಾತ್ರ ಹಾಲ್‌ನ ಸೆನ್ಸರ್ ಕಾಣೆಯಾಗುತ್ತಿತ್ತು. ಕನ್ನಡಿಯ ಲೋಹದ ಲೇಪ, ಫ್ರಿಜ್, ಕಬ್ಬಿಣದ ಬೀರು ಇವೆಲ್ಲ ರೇಡಿಯೋ ಅಲೆಗೆ ಅಡ್ಡ. ಸೆನ್ಸರ್ ಕಾಣೆಯಾದರೆ ಥರ್ಮೋಸ್ಟಾಟ್ ಉಳಿದ ಸೆನ್ಸರ್‌ಗಳ ಮೇಲೆ, ಅದೂ ಇಲ್ಲದಿದ್ದರೆ ತನ್ನದೇ ಅಂಕಿಯ ಮೇಲೆ ನಡೆಯುತ್ತದೆ. ಅಂದರೆ ರಾತ್ರಿ ಅಮ್ಮನ ಡಬ್ಬಿಯ ಸೆಲ್ ಮುಗಿದರೆ ಮನೆ ಮತ್ತೆ ಪ್ಯಾಸೇಜಿನ ಮಾತು ಕೇಳತೊಡಗುತ್ತದೆ. ಅದಕ್ಕೆ ಎರಡು ವ್ಯವಸ್ಥೆ ಮಾಡಿದ್ದೇವೆ. ಸೆಲ್ ಕಡಿಮೆಯಾದಾಗ ಫೋನಿಗೆ ಸೂಚನೆ ಬರುತ್ತದೆ. ಜೊತೆಗೆ ಚಳಿಗಾಲ ಶುರುವಾಗುವ ಮೊದಲೇ, ಇದ್ದದ್ದು ಚೆನ್ನಾಗಿದ್ದರೂ, ಅಮ್ಮನ ಡಬ್ಬಿಗೆ ಹೊಸ ಸೆಲ್ ಹಾಕುತ್ತೇವೆ. ತೆಗೆದದ್ದನ್ನು ತಕ್ಷಣ ಮಕ್ಕಳ ಕೈಗೆ ಸಿಗದಂತೆ ಎತ್ತಿಡಬೇಕು. ನಾಣ್ಯದ ಸೆಲ್ ನುಂಗಿದರೆ ಗಂಟಲಲ್ಲಿ ಸುಟ್ಟ ಗಾಯ ಆಗುತ್ತದೆ, ಅದಕ್ಕೆ ಹೆಚ್ಚು ಹೊತ್ತೂ ಬೇಡ.

ಇಂಟರ್ನೆಟ್ ಹೋದರೆ ಏನು ಗತಿ ಅಂತ ನಮ್ಮವರಿಗೆ ಚಿಂತೆ ಇತ್ತು. ರೂಟರ್ ಆಫ್ ಮಾಡಿ ನೋಡಿದೆವು. ಟೈಮ್‌ಟೇಬಲ್, ಸೆನ್ಸರ್, ಹೀಟರ್ ಎಲ್ಲ ಎಂದಿನಂತೆ ನಡೆದವು. ಫೋನಿನಿಂದ ಬದಲಿಸಲು ಮಾತ್ರ ಆಗಲಿಲ್ಲ. ಎಲ್ಲ ಮಾಡೆಲ್‌ನಲ್ಲೂ ಹೀಗೇ ಇರಬೇಕಿಲ್ಲ, ಹಾಕಿದ ದಿನವೇ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು.

ಮನೆಯವರಿಗೆ ಹೇಳಿಕೊಡಬೇಕಾದದ್ದು ಒಂದೇ ಇತ್ತು. ಪರದೆಯ ಮೇಲೆ ಕೈಯಿಂದ ಅಂಕಿ ಬದಲಿಸಿದರೆ ಅದು ಎಷ್ಟು ಹೊತ್ತು ಉಳಿಯಬೇಕು ಅನ್ನುವುದು. ಕೊಳ್ಳುವಾಗ ಇದ್ದ ಸೆಟ್ಟಿಂಗ್‌ನಲ್ಲಿ ನಾವಾಗಿ ತೆಗೆಯುವವರೆಗೂ ಹಾಗೇ ಉಳಿಯುತ್ತಿತ್ತು. ಮಗಳು ಒಂದು ಸಂಜೆ ಇಳಿಸಿದರೆ ರಾತ್ರಿಯಿಡೀ ಅದೇ. ಈಗ ಟೈಮ್‌ಟೇಬಲ್‌ನ ಮುಂದಿನ ಬದಲಾವಣೆ ಬಂದಾಗ ತಾನಾಗಿ ಸರಿಹೋಗುವಂತೆ ಇಟ್ಟಿದ್ದೇವೆ. ಅಮ್ಮನಿಗೆ ಆಪ್ ಬೇಡ. ಗೋಡೆಯ ಪರದೆಯಲ್ಲಿ ಅಂಕಿ ಏರಿಸುವುದು ಇಳಿಸುವುದು ಅವರಿಗೆ ಗೊತ್ತು, ಸಾಕು.

ಬೇಸಿಗೆಯಲ್ಲಿ ಲೆಕ್ಕ ತಿರುಗಾಮುರುಗಾ. ಬಿಸಿ ಮೇಲೆ ಸೇರುವುದರಿಂದ ರಾತ್ರಿ ಮಗಳ ಕೋಣೆಯ ಮಾತು ಕೇಳಬೇಕು. ಅಮ್ಮನ ಕೋಣೆ ತೀರಾ ತಣ್ಣಗಾಗದಂತೆ ಅಲ್ಲಿನ ಜಾಲರಿ ಅರ್ಧ ಮುಚ್ಚುತ್ತೇವೆ. ಏಸಿ ಕಾಲದಲ್ಲಿ ಫ್ಯಾನನ್ನು ಸದಾ ಓಡುವಂತೆ ಇಡುವುದಿಲ್ಲ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡಿದರೆ ಕಾಯಿಲ್ ಮೇಲೆ ಕೂತ ನೀರು ಮತ್ತೆ ಗಾಳಿಗೆ ಸೇರಿ ಮನೆಯಲ್ಲಿ ತೇವ ಜಾಸ್ತಿಯಾಗುತ್ತದೆ.

ಇನ್ನೊಂದು ಕೆಲಸ ಬಾಕಿ ಇದೆ. ಅಮ್ಮನ ಕೋಣೆಯ ಬಾಗಿಲ ಮೇಲ್ಭಾಗದ ಗೋಡೆಯಲ್ಲಿ, ಪ್ಯಾಸೇಜಿಗೆ ಗಾಳಿ ದಾಟಿಹೋಗುವಂತೆ ಒಂದು ಜಾಲರಿ ಕೂರಿಸಬೇಕು. ಮೆಕ್ಯಾನಿಕ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅದು ಆದ ಮೇಲೆ ರಾತ್ರಿ ಬಾಗಿಲು ಪೂರ್ತಿ ಮುಚ್ಚಿಟ್ಟು ಮತ್ತೆ ಗ್ರಾಫ್ ನೋಡುತ್ತೇನೆ. ಅಮ್ಮನಿಗೆ ಬಾಗಿಲು ಮುಚ್ಚಿಕೊಂಡು ಮಲಗುವುದೇ ಇಷ್ಟ.